ಒಂದೇ ಒಂದು ಮನೆ ವಾಷಿಂಗ್ಟನ್ನನನ್ನು ಸೋಲಿಸಿತೇ?

ಪ್ರಶ್ನೆ: ಮಗಳ ಬಾಣಂತನಕ್ಕೆಂದು ಫಿಲಡೆಲ್ಫಿಯಾಕ್ಕೆ ಹೋಗಿ ಆರು ತಿಂಗಳು ಇದ್ದು ಬಂದೆ. ಒಂದು ಭಾನುವಾರ ಅಳಿಯಂದಿರು ಜರ್ಮನ್‌ಟೌನ್ ಎಂಬಲ್ಲಿಗೆ ಕರೆದುಕೊಂಡು ಹೋಗಿ ಕ್ಲಿವ್ಡನ್ ಎಂಬ ಹಳೆಯ ಕಲ್ಲಿನ ಮನೆ ತೋರಿಸಿದರು. ಗೋಡೆಯಲ್ಲಿ ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲದ, 1777ರ ಗುಂಡಿನ ಗುರುತುಗಳು ಇನ್ನೂ ಇವೆ. ನೂರಿಪ್ಪತ್ತು ಬ್ರಿಟಿಷ್ ಸೈನಿಕರು ಒಳಗೆ ಸೇರಿಕೊಂಡು ವಾಷಿಂಗ್ಟನ್ನನ ಇಡೀ ಸೈನ್ಯವನ್ನು ತಡೆದು ನಿಲ್ಲಿಸಿದರಂತೆ. ಆ ಮನೆ ನೋಡಿದರೆ ನಮ್ಮ ಊರಿನ ಶಾನುಭೋಗರ ಮನೆಗಿಂತ ಬಹಳ ದೊಡ್ಡದೇನಲ್ಲ. ಫಿರಂಗಿ ಹೊಡೆದರೂ ಅದು ಬೀಳಲಿಲ್ಲವೇಕೆ? ಸುತ್ತಿಕೊಂಡು ಮುಂದೆ ಹೋಗಬಾರದಿತ್ತೇ? ಮನೆಯ ಯಜಮಾನ ಬ್ರಿಟಿಷರ ಕಡೆಯವನೇ? ಇನ್ನೊಂದು ಮಾತು. ಮನೆ ತೋರಿಸಿದ ಹುಡುಗಿ ಯುದ್ಧಕ್ಕಿಂತ ಗುಲಾಮರ ವಿಷಯವನ್ನೇ ಹೆಚ್ಚು ಹೇಳಿದಳು. ಯುದ್ಧದ ಮನೆಯಲ್ಲಿ ಅದೇಕೆ?
(ಮೈಸೂರಿನ ಓದುಗರೊಬ್ಬರು)

ಉತ್ತರ: "ಸುತ್ತಿಕೊಂಡು ಮುಂದೆ ಹೋಗಬಾರದಿತ್ತೇ" ಎಂದು ನೀವು ಕೇಳಿದ್ದೀರಲ್ಲ, ಅದನ್ನೇ ಆ ದಿನ ಬೆಳಿಗ್ಗೆ ಆ ಮನೆಯಿಂದ ಕೂಗಳತೆಯಲ್ಲಿ ನಿಂತು ಒಬ್ಬ ಕೇಳಿದ್ದ. ಅವನು ವಾಷಿಂಗ್ಟನ್ನನ ಸೈನ್ಯದ ಅಡ್ಜುಟೆಂಟ್ ಜನರಲ್, ಅಂದರೆ ಸೈನ್ಯದ ಆಡಳಿತ ನೋಡಿಕೊಳ್ಳುವ ಅಧಿಕಾರಿ, ಟಿಮೊತಿ ಪಿಕರಿಂಗ್. ಅವನ ಮಾತು ನಡೆಯಲಿಲ್ಲ. ಅರ್ಧ ಶತಮಾನ ಕಳೆದು ಮುದುಕನಾದ ಮೇಲೂ ಅವನು ಅದರ ಬಗ್ಗೆ ಬರೆಯುತ್ತಲೇ ಇದ್ದ. ಹಾಗಾಗಿ ನಿಮ್ಮ ಸಂದೇಹ ಸರಿಯಾದ ಜಾಗದಲ್ಲೇ ಇದೆ.

ಮೊದಲು ಹೆಸರಿನ ಗೊಂದಲ ಮುಗಿಸಿಬಿಡೋಣ. ಇಂಗ್ಲಿಷಿನಲ್ಲಿ ಬರೆದಾಗ 'ಕ್ಲೈವ್' ಎಂಬ ಅಕ್ಷರಗಳು ಕಾಣುವುದರಿಂದ ನಮ್ಮ ಕಡೆಯವರು ಪ್ಲಾಸಿ ಕದನದ ರಾಬರ್ಟ್ ಕ್ಲೈವ್‌ನನ್ನು ನೆನೆಯುತ್ತಾರೆ. ಅವನಿಗೂ ಇದಕ್ಕೂ ಸಂಬಂಧವಿಲ್ಲ. ಇಂಗ್ಲೆಂಡಿನಲ್ಲಿ ಕ್ಲಿವ್ಡನ್ ಎಂಬ ಹೆಸರಿನ ದೊಡ್ಡ ಬಂಗಲೆಯೊಂದಿದೆ, ಹೆಸರು ಅಲ್ಲಿಯದು. ಭಾರತದ ನಂಟು ಈ ಕಥೆಗೆ ಬೇರೊಂದು ಬಾಗಿಲಿನಿಂದ ಬರುತ್ತದೆ. ಅದೂ ನೇರವಾಗಿ ನಿಮ್ಮ ಮೈಸೂರಿನ ಸೀಮೆಗೇ. ಅದನ್ನು ಆಮೇಲೆ ಹೇಳುತ್ತೇನೆ.

ಮನೆ ಕಟ್ಟಿಸಿದವನು ಬೆಂಜಮಿನ್ ಚ್ಯೂ. ಫಿಲಡೆಲ್ಫಿಯಾದ ದೊಡ್ಡ ವಕೀಲ, ಮುಂದೆ 1774ರಲ್ಲಿ ಪೆನ್ಸಿಲ್ವೇನಿಯಾದ ಮುಖ್ಯ ನ್ಯಾಯಾಧೀಶನಾದವನು. 1762ರಲ್ಲಿ ನಗರಕ್ಕೆ ಹಳದಿ ಜ್ವರ ಬಡಿಯಿತು. ಬೇಸಿಗೆಯಲ್ಲಿ ಹೆಂಡತಿ ಮಕ್ಕಳನ್ನು ಊರಾಚೆ ಇಡಬೇಕೆಂದು ಅವನು ಐದಾರು ಮೈಲಿ ದೂರದ ಜರ್ಮನ್‌ಟೌನ್‌ನಲ್ಲಿ ಜಾಗ ಕೊಂಡು, 1763ರಿಂದ 1767ರವರೆಗೆ ಈ ಮನೆ ಕಟ್ಟಿಸಿದ. ನಮ್ಮವರು ಪ್ಲೇಗಿಗೆ ಹೆದರಿ ಊರು ಬಿಟ್ಟು ತೋಟದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರಲ್ಲ, ಇದು ಶ್ರೀಮಂತರ ಗುಡಿಸಲು ಎಂದುಕೊಳ್ಳಿ. ಬಡಗಿ ಜೇಕಬ್ ನಾರ್ ಜರ್ಮನ್ ಮೂಲದವನು. ಊರೇ ಜರ್ಮನರದು. 1683ರಲ್ಲಿ ಕ್ರೇಫೆಲ್ಡ್ ಕಡೆಯಿಂದ ಬಂದ ಹದಿಮೂರು ಕುಟುಂಬಗಳು ನೆಲೆ ನಿಂತು ಬೆಳೆಸಿದ ಒಂದೇ ಉದ್ದ ಬೀದಿಯ ಊರು. ಎರಡೂ ಬದಿಗೆ ಕಲ್ಲಿನ ಮನೆಗಳು, ಅವುಗಳ ಹಿಂದೆ ಹಿತ್ತಿಲು, ತೋಟ, ಬೇಲಿ. ಈ ಬೇಲಿಗಳನ್ನು ನೆನಪಿನಲ್ಲಿಡಿ.

ನೀವು ಮನೆಯ ಮುಂಭಾಗ ನೋಡಿದಾಗ ಕಲ್ಲು ಮಿನುಗುತ್ತಿದ್ದುದನ್ನು ಗಮನಿಸಿರಬಹುದು. ಅದು ಅಲ್ಲಿಯದೇ ವಿಸಹಿಕನ್ ಕಲ್ಲು, ಬೂದು ಬಣ್ಣದ್ದು, ಒಳಗೆಲ್ಲ ಕಾಗೆಬಂಗಾರದ ಚೂರುಗಳು. ಎದುರು ಗೋಡೆಗೆ ಮಾತ್ರ ಕೆತ್ತಿದ ಸೈಜುಗಲ್ಲು ಹಾಕಿಸಿದ್ದಾರೆ. ಪಕ್ಕಕ್ಕೆ ತಿರುಗಿದರೆ ಕಾಡುಗಲ್ಲಿನ ಗೋಡೆ, ಮೇಲೆ ಗಾರೆ ಬಳಿದು, ಸೈಜುಗಲ್ಲಿನಂತೆ ಕಾಣಲೆಂದು ಗೆರೆ ಎಳೆದಿದ್ದಾರೆ. ಬೀದಿಗೆ ಕಾಣುವ ಕಡೆ ಖರ್ಚು, ಕಾಣದ ಕಡೆ ಉಳಿತಾಯ. ಶಾನುಭೋಗರ ಮನೆಯ ಹೋಲಿಕೆ ನೀವೇ ಕೊಟ್ಟಿದ್ದರಿಂದ ಹೇಳುತ್ತೇನೆ, ಈ ಬುದ್ಧಿ ಎಲ್ಲ ದೇಶದ ಮನೆ ಯಜಮಾನರಿಗೂ ಒಂದೇ. ಆದರೆ ಎರಡೂ ಕಡೆ ಗೋಡೆಯ ದಪ್ಪ ಸುಮಾರು ಎರಡು ಅಡಿ. ಕೆಳಗಿನ ಕಿಟಕಿಗಳಿಗೆ ಒಳ್ಳೆಯ ಮರದ ಕದಗಳು. ಸುತ್ತಲೂ ಬಯಲು. ಇದು ಕೋಟೆಯಾಗಲಿ ಎಂದು ಯಾರೂ ಯೋಚಿಸಿ ಕಟ್ಟಿದ್ದಲ್ಲ. ಆದರೂ ಕೋಟೆಗೆ ಬೇಕಾದ ಮೂರು ಗುಣ, ಅಂದರೆ ದಪ್ಪ ಗೋಡೆ, ಎತ್ತರ ಮತ್ತು ಮರೆಯಿಲ್ಲದ ಮುಂಭಾಗ, ತಾನಾಗಿಯೇ ಕೂಡಿಬಂದಿದ್ದವು.

1777ರ ಅಕ್ಟೋಬರಿನಲ್ಲಿ ಚ್ಯೂ ಮನೆಯಲ್ಲಿರಲಿಲ್ಲ. ಬ್ರಿಟಿಷ್ ಸೈನ್ಯ ಹತ್ತಿರ ಬರುತ್ತಿದೆ ಎಂದು ಗೊತ್ತಾದ ಕೂಡಲೇ, ಆಗಸ್ಟಿನಲ್ಲಿ, ಕಾಂಗ್ರೆಸ್ಸು (ಬ್ರಿಟಿಷರ ವಿರುದ್ಧ ಎದ್ದ ಅಮೆರಿಕನ್ನರ ಪ್ರತಿನಿಧಿ ಸಭೆ) ಅವನನ್ನೂ ಗವರ್ನರ್ ಜಾನ್ ಪೆನ್‌ನನ್ನೂ ಹಿಡಿಸಿ ನ್ಯೂಜೆರ್ಸಿಯ ಯೂನಿಯನ್ ಎಂಬ ಕಬ್ಬಿಣದ ಕಾರ್ಖಾನೆಯ ಊರಿಗೆ ಕಳಿಸಿ, ಅಲ್ಲಿಂದ ಕದಲದಂತೆ ಇರಿಸಿತ್ತು. ಸೆಪ್ಟೆಂಬರ್ 11ರಂದು ಬ್ರಾಂಡಿವೈನ್ ಹೊಳೆಯ ಬಳಿ ವಾಷಿಂಗ್ಟನ್ ಸೋತ. 26ರಂದು ಬ್ರಿಟಿಷರು ಫಿಲಡೆಲ್ಫಿಯಾದೊಳಗೆ ನಡೆದುಬಂದರು. ಕಾಂಗ್ರೆಸ್ಸು ಊರು ಬಿಟ್ಟು ಓಡಿತು. ಬ್ರಿಟಿಷ್ ದಂಡನಾಯಕ ವಿಲಿಯಂ ಹೋ ತನ್ನ ಸೈನ್ಯದ ದೊಡ್ಡ ಭಾಗವನ್ನು, ಸುಮಾರು ಒಂಬತ್ತು ಸಾವಿರ ಮಂದಿಯನ್ನು, ಜರ್ಮನ್‌ಟೌನ್‌ನಲ್ಲಿ ಬೀಡುಬಿಡಿಸಿದ. ಚ್ಯೂ ಮನೆಯ ಹೊಲದಲ್ಲಿ ಡೇರೆ ಹಾಕಿದ್ದು 40ನೇ ಕಾಲಾಳು ರೆಜಿಮೆಂಟು. ಅದರ ನಾಯಕ ಲೆಫ್ಟಿನೆಂಟ್ ಕರ್ನಲ್ ಥಾಮಸ್ ಮಸ್‌ಗ್ರೇವ್.

ವಾಷಿಂಗ್ಟನ್ನನ ಬಳಿ ಸುಮಾರು ಹನ್ನೊಂದು ಸಾವಿರ ಜನ. ಅದರಲ್ಲಿ ಮೂರು ಸಾವಿರ ಊರಪಡೆಯವರು. ಅಕ್ಟೋಬರ್ 3ರ ರಾತ್ರಿ ಹದಿನಾರು ಮೈಲಿ ನಡೆದು, ನಾಲ್ಕು ಬೇರೆ ಬೇರೆ ರಸ್ತೆಗಳಿಂದ ನಾಲ್ಕು ಪಡೆಗಳು ಬೆಳಗಿನ ಜಾವಕ್ಕೆ ಒಟ್ಟಿಗೇ ಬೀಳಬೇಕು ಎಂಬುದು ಯೋಜನೆ. ಕತ್ತಲಲ್ಲಿ ತಮ್ಮವರು ಗುರುತು ಸಿಗಲೆಂದು ಟೋಪಿಗೆ ಬಿಳಿ ಕಾಗದ ಸಿಕ್ಕಿಸಿಕೊಂಡರು. ಕಾಗದದ ಮೇಲೆ ಬಹಳ ಚೆನ್ನಾಗಿರುವ ಯೋಜನೆ. ಗಡಿಯಾರ ಹೊಂದದ, ದಾರಿ ತಿಳಿಯದ, ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸಲಾಗದ ನಾಲ್ಕು ಪಡೆಗಳು ಒಂದೇ ಹೊತ್ತಿಗೆ ಸೇರಬೇಕು ಎಂದರೆ ಮದುವೆಗೆ ನಾಲ್ಕು ಊರಿನ ಬಸ್ಸು ಒಟ್ಟಿಗೆ ಬಂದು ನಿಲ್ಲಲಿ ಎಂದ ಹಾಗೆ.

ಅಕ್ಟೋಬರ್ 4ರ ಬೆಳಿಗ್ಗೆ ಕವಿದ ಮಂಜು ಹೇಗಿತ್ತೆಂದರೆ ಮೂವತ್ತು ನಲವತ್ತು ಗಜದಾಚೆ ಏನೂ ಕಾಣುತ್ತಿರಲಿಲ್ಲ. ನಡುವಿನ ಮುಖ್ಯ ಬೀದಿಯಲ್ಲಿ ಬಂದ, ವಾಷಿಂಗ್ಟನ್ನನ ಸೇನಾನಿಗಳಾದ ಸಲಿವನ್ ಮತ್ತು ವೇನ್ ಅವರ ಪಡೆಗಳು ಬ್ರಿಟಿಷರ ಮುಂಚೂಣಿಯನ್ನು ಎತ್ತಿ ಒಗೆದವು. ವೇನ್‌ನ ಜನರಿಗಂತೂ ಹಳೆಯ ಸೇಡಿತ್ತು. ಎರಡು ವಾರದ ಹಿಂದೆ ಪಾವೋಲಿಯಲ್ಲಿ ರಾತ್ರಿ ಮಲಗಿದ್ದವರನ್ನು ಬ್ರಿಟಿಷರು ಬಯೊನೆಟ್‌ನಿಂದ ತಿವಿದು ಕೊಂದಿದ್ದರು. ಹಿಂದೆ ಸರಿಯುತ್ತಿದ್ದ ತನ್ನವರನ್ನು ಕಂಡು ಹೋ ಕುದುರೆಯ ಮೇಲೆ ಬಂದು, ಇದೇನು ನಾಚಿಕೆಗೇಡು, ಬಂದಿರುವುದು ಬರೀ ಬೇಹಿನ ತುಕಡಿ ಎಂದು ಬೈದ. ಬೈಗುಳ ಮುಗಿಯುವಷ್ಟರಲ್ಲಿ ಅವನು ನಿಂತಿದ್ದ ಮರದ ಮೇಲೆಯೇ ಫಿರಂಗಿಯ ಸಣ್ಣ ಗುಂಡುಗಳು ಸುರಿದವು. ಬೈಸಿಕೊಂಡವರಿಗೆ ಒಳಗೊಳಗೇ ಖುಷಿಯಾಯಿತೆಂದು ಅವರಲ್ಲೊಬ್ಬ ಅಧಿಕಾರಿಯೇ ಬರೆದಿಟ್ಟಿದ್ದಾನೆ.

ಮಸ್‌ಗ್ರೇವ್ ಬೇಲಿಯಿಂದ ಬೇಲಿಗೆ ಕಾದಾಡುತ್ತಾ ಹಿಂದೆ ಸರಿದ. ಕೊನೆಗೆ ಸುತ್ತುವರಿಯುವುದು ಖಚಿತವಾದಾಗ ಆರು ಕಂಪನಿಗಳ ಉಳಿದ ನೂರಿಪ್ಪತ್ತು ಜನರೊಂದಿಗೆ ಚ್ಯೂ ಮನೆಯೊಳಗೆ ನುಗ್ಗಿದ. ಕೆಳಗಿನ ಕದಗಳನ್ನು ಮುಚ್ಚಿ, ಮೇಜು ಕುರ್ಚಿಗಳನ್ನು ಬಾಗಿಲಿಗೆ ಒತ್ತಿದರು. ಮಹಡಿಯ ಕಿಟಕಿಗಳಲ್ಲಿ ಬಂದೂಕಿನವರು, ಕೆಳಗೆ ಬಯೊನೆಟ್ಟಿನವರು. ಶರಣಾದರೆ ಪ್ರಾಣ ಉಳಿಯುವುದಿಲ್ಲ ಎಂದು ಅವನು ತನ್ನವರಿಗೆ ಮನದಟ್ಟು ಮಾಡಿಸಿದ. ಪಾವೋಲಿಯ ನೆನಪು ಎರಡೂ ಕಡೆಗೂ ಇದ್ದುದರಿಂದ ಆ ಮಾತನ್ನು ನಂಬುವುದು ಅವರಿಗೆ ಕಷ್ಟವಾಗಲಿಲ್ಲ.

ಇಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಒಂದು ಅಂಶವಿದೆ. ಸಲಿವನ್, ವೇನ್ ಇಬ್ಬರೂ ಆ ಮನೆಯನ್ನು ದಾಟಿ ಮುಂದೆ ಹೋಗಿಯೇ ಇದ್ದರು. ಮೇರಿಲ್ಯಾಂಡ್ ರೆಜಿಮೆಂಟಿನ ಮೇಜರ್ ಜಾನ್ ಈಗರ್ ಹೋವರ್ಡ್ ತನ್ನ ಜನರನ್ನು ಆ ಮನೆಯ ಪಕ್ಕದಲ್ಲೇ ನಡೆಸಿಕೊಂಡು ಹೋದ. ಮಹಡಿಯಿಂದ ಗುಂಡು ಬಂತು, ಹೆಚ್ಚೇನೂ ಆಗಲಿಲ್ಲ. ಅಂದರೆ ಸುತ್ತಿಕೊಂಡು ಹೋಗಬಹುದಿತ್ತು. ಹೋದವರೂ ಇದ್ದರು. ಮನೆಯ ಮುಂದೆ ನಿಂತದ್ದು ಹಿಂದಿನಿಂದ ಬರುತ್ತಿದ್ದ ಮೀಸಲು ಪಡೆ ಮತ್ತು ಅದರ ಜೊತೆಗಿದ್ದ ವಾಷಿಂಗ್ಟನ್.

ಅಲ್ಲಿ ಚರ್ಚೆ ನಡೆಯಿತು. ಒಂದು ರೆಜಿಮೆಂಟನ್ನು ಕಾವಲಿಗೆ ಬಿಟ್ಟು ಮುಂದೆ ಹೋಗೋಣ ಎಂದದ್ದು ಪಿಕರಿಂಗ್. ಬೇಡ ಎಂದವನು ಫಿರಂಗಿ ಪಡೆಯ ಮುಖ್ಯಸ್ಥ ಹೆನ್ರಿ ನಾಕ್ಸ್. ಶತ್ರು ಕುಳಿತ ಕೋಟೆಯನ್ನು ಬೆನ್ನ ಹಿಂದೆ ಬಿಟ್ಟು ಹೋಗುವುದು ಯುದ್ಧಶಾಸ್ತ್ರಕ್ಕೆ ವಿರುದ್ಧ ಎಂಬುದು ಅವನ ವಾದ. ನಾಕ್ಸ್ ಮೊದಲು ಬಾಸ್ಟನ್ನಿನಲ್ಲಿ ಪುಸ್ತಕದ ಅಂಗಡಿ ಇಟ್ಟವನು, ಯುದ್ಧವಿದ್ಯೆ ಕಲಿತದ್ದೇ ಅಂಗಡಿಯ ಪುಸ್ತಕ ಓದಿ. ಅವನನ್ನು ಹೀಗಳೆಯಲು ಇದನ್ನು ಹೇಳುತ್ತಿಲ್ಲ, ಆ ಸೈನ್ಯದ ಅತ್ಯಂತ ಸಮರ್ಥರಲ್ಲಿ ಅವನೊಬ್ಬ. ಆದರೆ ಪುಸ್ತಕದಲ್ಲಿ 'ಕೋಟೆ' ಎಂದಿದ್ದ ಸೂತ್ರವನ್ನು ಆ ದಿನ ಒಂದು ಬೇಸಿಗೆ ಮನೆಗೆ ಅನ್ವಯಿಸಿದ. ವಾಷಿಂಗ್ಟನ್ ಒಪ್ಪಿದ.

ವಿಲಿಯಂ ಸ್ಮಿತ್ ಎಂಬ ವರ್ಜೀನಿಯಾದ ಯುವ ಲೆಫ್ಟಿನೆಂಟ್ ಬಿಳಿ ಬಾವುಟ ಹಿಡಿದು ಶರಣಾಗಿ ಎಂದು ಹೇಳಲು ಹೊರಟ. ಮಂಜು, ಹೊಗೆ. ಬಾವುಟ ಕಂಡಿತೋ ಇಲ್ಲವೋ, ಮಹಡಿಯಿಂದ ಗುಂಡು ಹಾರಿತು. ಕಾಲಿಗೆ ತಗುಲಿದ ಆ ಗಾಯದಲ್ಲೇ ಮುಂದೆ ಅವನು ಸತ್ತ.

ಈಗ ಫಿರಂಗಿಯ ಪ್ರಶ್ನೆ. ನಾಕ್ಸ್‌ನ ಬಳಿ ಇದ್ದದ್ದು ಕುದುರೆ ಎಳೆಯುವ ಬಯಲಿನ ಫಿರಂಗಿಗಳು, ಮೂರು ಪೌಂಡು, ಆರು ಪೌಂಡು ಗುಂಡಿನವು. ಆರು ಪೌಂಡು ಎಂದರೆ ಮೂರು ಕಿಲೋಗಿಂತಲೂ ಕಡಿಮೆ ತೂಕದ, ದೊಡ್ಡ ಮೂಸಂಬಿಯಷ್ಟು ಗಾತ್ರದ ಕಬ್ಬಿಣದ ಉಂಡೆ. ಅದು ಸಾಲುಗಟ್ಟಿ ನಿಂತ ಮನುಷ್ಯರ ಮೇಲೆ ಹಾರಿಸಲು ಮಾಡಿದ್ದು. ಎರಡು ಅಡಿ ಕಲ್ಲಿನ ಗೋಡೆಯನ್ನು ಒಡೆಯಬೇಕಾದರೆ ಹದಿನೆಂಟು, ಇಪ್ಪತ್ನಾಲ್ಕು ಪೌಂಡಿನ ಮುತ್ತಿಗೆ ಫಿರಂಗಿ ಬೇಕು. ಅದನ್ನು ಗಟ್ಟಿ ನೆಲದಲ್ಲಿ ಕೂರಿಸಿ, ಒಂದೇ ಜಾಗಕ್ಕೆ ದಿನಗಟ್ಟಲೆ ಹೊಡೆಯಬೇಕು. ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆ ಬಳಿ ಕೋಟೆಯ ಹೆಬ್ಬಾಗಿಲ ಹತ್ತಿರ ಗೋಡೆಗೆ ಕೂರಿಸಿದ ಕಲ್ಲಿನ ಫಲಕ ಓದಿದ್ದೀರಾ? ಇಲ್ಲಿ ಬಿದ್ದ ಬಿರುಕಿನ ಮೂಲಕ 1791ರ ಮಾರ್ಚ್ 21ರಂದು ಬ್ರಿಟಿಷರು ನುಗ್ಗಿದರು ಎಂದು ಅದರಲ್ಲಿದೆ. ಪೇಟೆ ಅವರ ಕೈಸೇರಿದ್ದು ಮಾರ್ಚ್ 7ಕ್ಕೆ. ಕೋಟೆಯ ಗೋಡೆ ಒಡೆದು ಒಳನುಗ್ಗಲು ಮತ್ತೆ ಎರಡು ವಾರ ಹಿಡಿಯಿತು, ದೊಡ್ಡ ಫಿರಂಗಿಗಳಿದ್ದೂ. ನಾಕ್ಸ್‌ನ ಬಳಿ ಇದ್ದದ್ದು ಒಂದು ಗಂಟೆಗಿಂತಲೂ ಕಡಿಮೆ ಹೊತ್ತು. ಗುಂಡುಗಳು ಮುಂಬಾಗಿಲನ್ನು ಒಡೆದವು, ಕಿಟಕಿಗಳಿಂದ ತೂರಿ ಒಳಗಿನ ಗಾರೆಯನ್ನು ಪುಡಿ ಮಾಡಿದವು, ಅಂಗಳದ ಅಮೃತಶಿಲೆಯ ಪ್ರತಿಮೆಗಳನ್ನು ಕೆಡವಿದವು. ಗೋಡೆಗೆ ಬಡಿದವು ಪುಟಿದು ಬಿದ್ದವು.

ಆಮೇಲೆ ಮ್ಯಾಕ್ಸ್‌ವೆಲ್‌ನ ನ್ಯೂಜೆರ್ಸಿ ಪಡೆ ಆ ಬಯಲಿನಲ್ಲಿ ಮತ್ತೆ ಮತ್ತೆ ನುಗ್ಗಿತು. ಬಾಗಿಲವರೆಗೂ ಹೋದವರು ಅಲ್ಲೇ ಬಿದ್ದರು. ಕದನ ಮುಗಿದ ಮೇಲೆ ಮನೆಯ ಸುತ್ತ ಐವತ್ತಕ್ಕೂ ಹೆಚ್ಚು ಹೆಣಗಳಿದ್ದವು. ನೀವು ನಡೆದಾಡಿದ ಆ ಹಸಿರು ಹುಲ್ಲಿನ ಮೇಲೆ.

ನಡುವೆ ಒಂದು ಪ್ರಸಂಗ. ವಾಷಿಂಗ್ಟನ್ನನ ಸಹಾಯಕ, ಇಪ್ಪತ್ತೆರಡರ ಜಾನ್ ಲಾರೆನ್ಸ್, ಮತ್ತು ಫ್ರೆಂಚ್ ಅಧಿಕಾರಿ ಮೊಡ್ವಿ ದ್ಯು ಪ್ಲೆಸಿ ಇಬ್ಬರೂ ಕೊಟ್ಟಿಗೆಯಿಂದ ಹುಲ್ಲು ತಂದು ಮನೆಗೆ ಬೆಂಕಿ ಹಚ್ಚಲು ಹೊರಟರು. ಮೊಡ್ವಿ ಒಂದು ಕಿಟಕಿ ಹತ್ತಿದ. ಒಳಗಿದ್ದ ಬ್ರಿಟಿಷ್ ಅಧಿಕಾರಿ ಪಿಸ್ತೂಲು ಹಿಡಿದು, ಇಲ್ಲೇನು ಮಾಡುತ್ತಿದ್ದೀಯ ಎಂದು ಕೇಳಿದ. ಸುಮ್ಮನೆ ಅಡ್ಡಾಡುತ್ತಿದ್ದೇನೆ ಎಂದನಂತೆ ಇವನು. ಅಷ್ಟರಲ್ಲಿ ಇನ್ನೊಬ್ಬ ಕೋಣೆಗೆ ನುಗ್ಗಿ ಬಂದೂಕು ಹಾರಿಸಿದ. ಗುಂಡು ತಾಗಿದ್ದು ಮೊಡ್ವಿಗಲ್ಲ, ಆ ಬ್ರಿಟಿಷ್ ಅಧಿಕಾರಿಗೇ. ಮೊಡ್ವಿ ಇಳಿದು ಬೆನ್ನು ತೋರಿಸಿ ಓಡದೆ ನಡೆದೇ ಬಂದ. ಲಾರೆನ್ಸ್‌ಗೆ ಭುಜಕ್ಕೆ ಗಾಯ. ಈ ಕಥೆ ನಮಗೆ ಸಿಕ್ಕಿದ್ದು ಮೊಡ್ವಿಯ ದೇಶಬಾಂಧವನೊಬ್ಬನ ಪ್ರವಾಸದ ಬರಹದಿಂದ. ಹಾಗಾಗಿ ಒಂದು ಚಿಟಿಕೆ ಉಪ್ಪು ಖಾರ ಹೆಚ್ಚೇ ಬಿದ್ದಿರಬಹುದು. ಬೆಂಕಿ ಮಾತ್ರ ಹತ್ತಲಿಲ್ಲ. ಕಲ್ಲಿನ ಗೋಡೆಗೆ ಹುಲ್ಲಿನ ಬೆಂಕಿ ಏನು ಮಾಡೀತು?

ಹಾಗಾದರೆ ಸೋಲಿಗೆ ಮನೆಯೇ ಕಾರಣವೇ? ನನ್ನ ಅಭಿಪ್ರಾಯ ಇದು. ಆ ಮನೆ ಗುಂಡಿನಿಂದ ಮಾಡಿದ ಹಾನಿಗಿಂತ ಸದ್ದಿನಿಂದ ಮಾಡಿದ ಹಾನಿ ದೊಡ್ಡದು. ಮಂಜಿನಲ್ಲಿ ಕಣ್ಣು ಕಾಣದಿದ್ದಾಗ ಸೈನ್ಯ ಕಿವಿಯಿಂದಲೇ ಯುದ್ಧ ಮಾಡಬೇಕು. ಮುಂದೆ ಹೋಗಿದ್ದ ವೇನ್‌ನ ಜನರಿಗೆ ಬೆನ್ನ ಹಿಂದೆ ಫಿರಂಗಿಯ ಸದ್ದು ಕೇಳಿತು. ಹಿಂದಿನವರು ಸಿಕ್ಕಿಬಿದ್ದಿದ್ದಾರೆ ಎಂದುಕೊಂಡು ತಿರುಗಿದರು. ಎಡಗಡೆಯ ರಸ್ತೆಯಲ್ಲಿ ಗ್ರೀನ್‌ನ ಪಡೆ ತಡವಾಗಿ ಬರುತ್ತಿತ್ತು. ಅದರಲ್ಲಿದ್ದ ಆಡಂ ಸ್ಟೀಫನ್ ಅದೇ ಸದ್ದು ಕೇಳಿ, ಹೇಳಿದ ದಾರಿ ಬಿಟ್ಟು ಸದ್ದಿನ ಕಡೆಗೆ ತನ್ನ ಡಿವಿಜನ್ನನ್ನು ತಿರುಗಿಸಿದ. ಮಂಜಿನೊಳಗೆ ಎರಡೂ ಅಮೆರಿಕನ್ ಪಡೆಗಳು ಎದುರಾದವು, ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದರು, ಎರಡೂ ಚದುರಿ ಓಡಿದವು. ಟೋಪಿಯ ಬಿಳಿ ಕಾಗದ ಯಾರಿಗೂ ಕಾಣಲಿಲ್ಲ. ಸ್ಟೀಫನ್ ಕುಡಿದಿದ್ದ ಎಂಬ ಆರೋಪವೂ ಬಂದು, ಮಿಲಿಟರಿ ವಿಚಾರಣೆಯಾಗಿ ಅವನನ್ನು ಕೆಲಸದಿಂದ ತೆಗೆದರು. ಆ ಡಿವಿಜನ್ನು ಇಪ್ಪತ್ತರ ಹುಡುಗ ಲಾಫಾಯೆತ್‌ನ ಕೈಗೆ ಹೋಯಿತು.

ಹಾಗೆಂದು ಮನೆಯ ಮುಂದೆ ನಿಲ್ಲದಿದ್ದರೆ ವಾಷಿಂಗ್ಟನ್ ಗೆದ್ದೇಬಿಡುತ್ತಿದ್ದ ಎಂದು ನಾನು ಹೇಳಲಾರೆ. ಮಂಜು ಇದ್ದೇ ಇತ್ತು. ಗ್ರೀನ್ ತಡವಾಗಿದ್ದ. ಸಲಿವನ್‌ನ ಜನರ ಮದ್ದುಗುಂಡು ಖಾಲಿಯಾಗುತ್ತಿತ್ತು. ಹೆಜ್ಜೆಗೊಂದು ಬೇಲಿ ಎಂದೆನಲ್ಲ, ಅವು ಸಾಲನ್ನು ಚೂರುಚೂರು ಮಾಡಿದ್ದವು. ಅತ್ತ ಫಿಲಡೆಲ್ಫಿಯಾದಿಂದ ಲಾರ್ಡ್ ಕಾರ್ನ್‌ವಾಲಿಸ್ ಮೂರು ಬೆಟಾಲಿಯನ್ನುಗಳನ್ನು ಓಡಿಸಿಕೊಂಡೇ ತಂದಿದ್ದ. ಇಷ್ಟೆಲ್ಲ ಇದ್ದಾಗ, ಒಂದು ಮನೆಯ ಮೇಲೆ ಎಲ್ಲವನ್ನೂ ಹಾಕುವುದು ಸೋತವರಿಗೆ ಅನುಕೂಲ. ವೇನ್ ಆ ದಾಳಿಯನ್ನು ಗಾಳಿಯಂತ್ರದ ಮೇಲಿನ ಯುದ್ಧ, ಅಂದರೆ ಶತ್ರುವಲ್ಲದ್ದರ ಮೇಲೆ ಮಾಡಿದ ವ್ಯರ್ಥ ಯುದ್ಧ, ಎಂದು ಜೊತೆಯ ಜನರಲ್ ಗೇಟ್ಸ್‌ಗೆ ಬರೆದು ಜರೆದ. ತನ್ನ ಪಡೆ ಯಾಕೆ ಓಡಿತು ಎಂಬ ಪ್ರಶ್ನೆ ಅದರಿಂದ ಸ್ವಲ್ಪ ಹಗುರವಾಯಿತು. ಅಮೆರಿಕನ್ನರ ಕಡೆ 152 ಜನ ಸತ್ತರು, 521 ಮಂದಿಗೆ ಗಾಯ, ಸುಮಾರು 400 ಮಂದಿ ಸೆರೆ. ಬ್ರಿಟಿಷರ ಕಡೆ ಸುಮಾರು ಎಪ್ಪತ್ತು ಸಾವು, ನಾನೂರೈವತ್ತು ಗಾಯ. ಮಸ್‌ಗ್ರೇವ್‌ನ ರೆಜಿಮೆಂಟಿಗೆ ಪದಕ ಮಾಡಿಸಿದರು. ಅದರ ಮೇಲೆ ಕೆತ್ತಿದ ಚಿತ್ರ ರಾಜನದಲ್ಲ, ಈ ಮನೆಯದು.

ಕಾರ್ನ್‌ವಾಲಿಸ್ ಎಂಬ ಹೆಸರು ಬಂದಾಗಲೇ ನಿಮಗೆ ಹೊಳೆದಿರಬೇಕು. ಹೌದು, ಅದೇ ಮನುಷ್ಯ. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ವಾಷಿಂಗ್ಟನ್ನನಿಗೆ ಸೋತು, ಐದೇ ವರ್ಷಕ್ಕೆ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದ. ಬೆಂಗಳೂರಿನ ಕೋಟೆ ಹೊಡೆದವನು ಅವನೇ, 1792ರಲ್ಲಿ ಶ್ರೀರಂಗಪಟ್ಟಣದ ಮುಂದೆ ನಿಂತು ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆದವನೂ ಅವನೇ. ಮಸ್‌ಗ್ರೇವ್ ಕೂಡ ಇತ್ತ ಬಂದ. 1787ರಲ್ಲಿ ಭಾರತಕ್ಕೆಂದೇ ಕಟ್ಟಿದ 76ನೇ ರೆಜಿಮೆಂಟಿಗೆ ಅವನು ಕರ್ನಲ್. ಕೆಲವು ವರ್ಷ ಮದ್ರಾಸಿನಲ್ಲಿದ್ದ. ಆ 76ನೇ ರೆಜಿಮೆಂಟು ಬೆಂಗಳೂರಿನ ಮುತ್ತಿಗೆಯಲ್ಲಿ ಇತ್ತು. ಇದಕ್ಕೆ ಉಲ್ಟಾ ನಂಟೂ ಒಂದಿದೆ. 1782ರಲ್ಲಿ ಫಿಲಡೆಲ್ಫಿಯಾದ ವ್ಯಾಪಾರಿ ಹಡಗುಗಳ ರಕ್ಷಣೆಗೆ ಪೆನ್ಸಿಲ್ವೇನಿಯಾ ಒಂದು ಹಡಗಿಗೆ ಫಿರಂಗಿ ಕಟ್ಟಿತು. ಆ ಹಡಗಿನ ಹೆಸರು ಹೈದರ್ ಅಲಿ. ಬ್ರಿಟಿಷರನ್ನು ಕಾಡಿದ ಮೈಸೂರಿನ ಹೈದರಾಲಿಯ ಹೆಸರೇ. ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ಜೊಶುವ ಬಾರ್ನಿಯ ನಾಯಕತ್ವದಲ್ಲಿ ಅದು ತನಗಿಂತ ಬಲವಾದ 'ಜನರಲ್ ಮಂಕ್' ಎಂಬ ಬ್ರಿಟಿಷ್ ಹಡಗನ್ನು ಹಿಡಿಯಿತು. ನಿಮ್ಮ ಅಳಿಯಂದಿರಿಗೆ ಇದನ್ನು ಹೇಳಿ, ಅವರಿಗೂ ಗೊತ್ತಿರಲಾರದು.

ಇನ್ನು ಯಜಮಾನ ಯಾರ ಕಡೆ ಎಂಬುದು. ಚ್ಯೂ ಯಾರ ಕಡೆಗೂ ಪೂರ್ತಿ ನಿಂತವನಲ್ಲ. ರಾಜನ ಸರ್ಕಾರದಲ್ಲಿ ಹುದ್ದೆ, ತೆರಿಗೆಗಳ ಬಗ್ಗೆ ಅಸಮಾಧಾನ, ಸ್ವಾತಂತ್ರ್ಯ ಘೋಷಣೆಗೆ ಮಾತ್ರ ಒಪ್ಪಿಗೆಯಿಲ್ಲ. 1774ರ ಸೆಪ್ಟೆಂಬರಿನಲ್ಲಿ ಮೊದಲ ಕಾಂಗ್ರೆಸ್ಸಿಗೆ ಬಂದಿದ್ದವರಿಗೆ ತನ್ನ ನಗರದ ಮನೆಯಲ್ಲಿ ಔತಣ ಕೊಟ್ಟಿದ್ದ. ಜಾನ್ ಆಡಮ್ಸ್ ಆ ಊಟದ ವೈಭವವನ್ನು, ಆಮೆಯ ಮಾಂಸ, ಬಗೆಬಗೆಯ ಸಿಹಿ, ಎಲ್ಲವನ್ನೂ ದಿನಚರಿಯಲ್ಲಿ ಪಟ್ಟಿ ಮಾಡಿದ್ದಾನೆ. ವರ್ಜೀನಿಯಾದಿಂದ ಬಂದ ಅತಿಥಿಗಳಲ್ಲಿ ವಾಷಿಂಗ್ಟನ್ನೂ ಇದ್ದ. ಮೂರು ವರ್ಷಕ್ಕೆ ಅದೇ ಅತಿಥಿ ಅದೇ ಮನೆಯವನ ಬೇಸಿಗೆ ಮನೆಗೆ ಫಿರಂಗಿ ಇಡಿಸಿದ.

1778ರಲ್ಲಿ ಚ್ಯೂನನ್ನು ಬಿಟ್ಟರು. ಮುರಿದ ಮನೆಯನ್ನು ಅವನು 1779ರಲ್ಲಿ ಬ್ಲೇರ್ ಮ್ಯಾಕ್ಲೆನಕನ್ ಎಂಬ ವ್ಯಾಪಾರಿಗೆ ಮಾರಿದ. 1797ರಲ್ಲಿ ಮತ್ತೆ ತಾನೇ ಕೊಂಡ. ದ್ರೋಹಿ ಎಂದು ಊರು ಅವನನ್ನು ಹೊರಗಿಟ್ಟಿತೇ? ಇಲ್ಲ. 1791ರಲ್ಲಿ ಅವನನ್ನೇ ರಾಜ್ಯದ ಮೇಲ್ಮನವಿ ನ್ಯಾಯಾಲಯದ ಮುಖ್ಯಸ್ಥನನ್ನಾಗಿ ಮಾಡಿದರು. ಮಗಳು ಪೆಗ್ಗಿಯ ಕಥೆ ಇನ್ನೂ ಸ್ವಾರಸ್ಯ. 1778ರ ಮೇ 18ರಂದು ಬ್ರಿಟಿಷ್ ಅಧಿಕಾರಿಗಳು ತಮ್ಮ ದಂಡನಾಯಕ ವಿಲಿಯಂ ಹೋನಿಗೆ ಕೊಟ್ಟ ಅದ್ದೂರಿ ಬೀಳ್ಕೊಡುಗೆ ಜಾತ್ರೆಯಲ್ಲಿ ಅವಳ ಹೆಸರಿನಲ್ಲಿ ವೀರವೇಷ ತೊಟ್ಟವನು ಜಾನ್ ಆಂಡ್ರೆ. ಎರಡು ವರ್ಷದ ಮೇಲೆ ಅವನನ್ನು ಗೂಢಚಾರನೆಂದು ಅಮೆರಿಕನ್ನರು ಗಲ್ಲಿಗೇರಿಸಿದರು. 1787ರಲ್ಲಿ ಪೆಗ್ಗಿ ಮದುವೆಯಾದದ್ದು ಯಾರನ್ನು ಗೊತ್ತೇ? ಆ ಮಂಜಿನಲ್ಲಿ ಅವಳ ಅಪ್ಪನ ಮನೆಯ ಪಕ್ಕದಲ್ಲಿ ಗುಂಡಿನ ನಡುವೆ ನಡೆದುಹೋದ ಜಾನ್ ಈಗರ್ ಹೋವರ್ಡ್‌ನನ್ನು. ಮದುವೆಗೆ ವಾಷಿಂಗ್ಟನ್ನೂ ಬಂದಿದ್ದ. ಪಿಕರಿಂಗ್ ಮುದುಕನಾಗಿ ಹಳೆಯ ಜಗಳ ಕೆದಕಿದಾಗ ಅವನಿಗೆ ಪತ್ರ ಬರೆದು ಆ ಬೆಳಗಿನ ವಿವರ ಕೊಟ್ಟವನೂ ಈ ಅಳಿಯನೇ.

ಕೊನೆಯದು, ನಿಮ್ಮನ್ನು ಸ್ವಲ್ಪ ಕಸಿವಿಸಿಗೊಳಿಸಿದ ಪ್ರಶ್ನೆ. ಆ ಹುಡುಗಿ ಹೇಳಿದ್ದು ಸರಿಯಾಗಿಯೇ ಇದೆ ಎಂದು ನನಗನಿಸುತ್ತದೆ. ಯುದ್ಧ ಆ ಮನೆಯಲ್ಲಿ ನಡೆದದ್ದು ಒಂದು ಬೆಳಿಗ್ಗೆ. ಗುಲಾಮಗಿರಿ ನಡೆದದ್ದು ತಲೆಮಾರುಗಳ ಕಾಲ. ಚ್ಯೂ ಮನೆತನಕ್ಕೆ ಡೆಲವೇರ್ ಮತ್ತು ಮೇರಿಲ್ಯಾಂಡಿನಲ್ಲಿ ಗುಲಾಮರು ದುಡಿಯುವ ಜಮೀನುಗಳಿದ್ದವು. ಸೈಜುಗಲ್ಲಿನ ಮುಂಗೋಡೆಯ ಹಣದಲ್ಲಿ ಅವರ ಬೆವರೂ ಇದೆ. 1972ರಲ್ಲಿ ವಂಶದವರು ಮನೆಯನ್ನು ರಾಷ್ಟ್ರೀಯ ಸಂರಕ್ಷಣಾ ಟ್ರಸ್ಟಿಗೆ ಒಪ್ಪಿಸಿದರು. ಕುಟುಂಬದ ಕಾಗದಪತ್ರಗಳ ದೊಡ್ಡ ರಾಶಿ ಪೆನ್ಸಿಲ್ವೇನಿಯಾದ ಐತಿಹಾಸಿಕ ಸಂಸ್ಥೆಗೆ ಹೋಯಿತು. ಅದನ್ನು ವಿಂಗಡಿಸುತ್ತಾ ಹೋದಂತೆ ಆ ಜಮೀನುಗಳ ಲೆಕ್ಕದಲ್ಲಿ ಎತ್ತು, ಕುದುರೆಗಳ ಜೊತೆ ಮನುಷ್ಯರ ಹೆಸರುಗಳೂ ಸಿಕ್ಕವು. ಅದಕ್ಕಿಂತ ಮೊದಲು ಆ ಮನೆಯ ಕಥೆ ಎಂದರೆ ಮಸ್‌ಗ್ರೇವ್, ನಾಕ್ಸ್, 1825ರಲ್ಲಿ ಮುದುಕ ಲಾಫಾಯೆತ್ ಬಂದುಹೋದದ್ದು, ಇಷ್ಟೇ ಆಗಿತ್ತು. ಬೇಸರದ ಸಂಗತಿಯೆಂದರೆ, ಅದೇ ಜರ್ಮನ್‌ಟೌನ್‌ನಲ್ಲಿ, 1688ರಷ್ಟು ಹಿಂದೆಯೇ, ಅಲ್ಲಿನ ನಾಲ್ವರು ಗುಲಾಮಗಿರಿ ತಪ್ಪೆಂದು ಬರೆದು ಸಹಿ ಹಾಕಿದ್ದರು. ಚ್ಯೂ ಮನೆ ಕಟ್ಟುವ ಹೊತ್ತಿಗೆ ಆ ಕಾಗದಕ್ಕೆ ಮುಕ್ಕಾಲು ಶತಮಾನ.

1760ರಲ್ಲಿ ಚ್ಯೂನ ಗುಲಾಮನಾಗಿ ಹುಟ್ಟಿದ ಒಬ್ಬ ಹುಡುಗನಿದ್ದ, ರಿಚರ್ಡ್ ಅಲೆನ್. ಈ ಮನೆ ಮುಗಿದ ಸುಮಾರಿಗೆ ಚ್ಯೂ ಆ ಹುಡುಗನನ್ನೂ ಅವನ ಅಪ್ಪ, ಅಮ್ಮ, ಒಡಹುಟ್ಟಿದವರನ್ನೂ ಡೆಲವೇರಿನ ಸ್ಟರ್ಜಿಸ್ ಎಂಬ ರೈತನಿಗೆ ಮಾರಿದ. ಯುದ್ಧದ ಕಾಲದಲ್ಲಿ ಅಲೆನ್ ಉಪ್ಪಿನ ಗಾಡಿ ಹೊಡೆದ, ಸಿಕ್ಕಸಿಕ್ಕ ಕೂಲಿ ಮಾಡಿದ, ದುಡಿದ ಹಣ ಕೊಟ್ಟು ತನ್ನನ್ನು ತಾನೇ ಬಿಡಿಸಿಕೊಂಡ. ಆಮೇಲೆ ಫಿಲಡೆಲ್ಫಿಯಾಕ್ಕೆ ಬಂದ.

1793ರಲ್ಲಿ ಹಳದಿ ಜ್ವರ ಮತ್ತೆ ಬಂತು, ಈ ಸಲ ಸಾವಿರಾರು ಜನರನ್ನು ಕೊಂದಿತು. ಉಳ್ಳವರೆಲ್ಲ ಊರು ಬಿಟ್ಟರು. ಅಧ್ಯಕ್ಷ ವಾಷಿಂಗ್ಟನ್ ಕೂಡ ಆ ಚಳಿಗಾಲದ ಹೊಸ್ತಿಲಲ್ಲಿ ಜರ್ಮನ್‌ಟೌನ್‌ನ ಬೀದಿಯಲ್ಲೇ ಬಾಡಿಗೆ ಮನೆ ಹಿಡಿದ. ಕದನ ಮುಗಿದ ಮೇಲೆ ಹೋ ತಂಗಿದ್ದ ಮನೆಯೇ ಅದು. ಅಲೆನ್ ಮತ್ತು ಅವನ ಗೆಳೆಯ ಆಬ್ಸಲಂ ಜೋನ್ಸ್ ತಮ್ಮ ಜನರನ್ನು ಕೂಡಿಸಿಕೊಂಡು ನಗರದಲ್ಲೇ ನಿಂತು, ರೋಗಿಗಳ ಶುಶ್ರೂಷೆ ಮಾಡಿದರು, ಹೆಣ ಹೂಳಿದರು. ಯಾವ ಜ್ವರಕ್ಕೆ ಹೆದರಿ ಚ್ಯೂ ಆ ಮನೆ ಕಟ್ಟಿಸಿದ್ದನೋ ಅದೇ ಜ್ವರದ ನಡುವೆ.

ಮಗುವಿನ ಹುಟ್ಟುಹಬ್ಬಕ್ಕೆ ಮತ್ತೆ ಹೋಗುತ್ತೀರಿ ಎಂದು ಬರೆದಿದ್ದೀರಿ. ಅದೇ ಜರ್ಮನ್‌ಟೌನ್ ಬೀದಿಯಲ್ಲಿ ಇನ್ನೂ ಕೆಳಗೆ ಗ್ರಂಬಲ್‌ಥಾರ್ಪ್ ಎಂಬ ಮನೆಯಿದೆ. ಆ ದಿನ ಗುಂಡು ತಿಂದ ಬ್ರಿಟಿಷ್ ಬ್ರಿಗೇಡಿಯರ್ ಜನರಲ್ ಆಗ್ನ್ಯೂ ಸತ್ತದ್ದು ಅಲ್ಲಿ. ಪಡಸಾಲೆಯ ಮರದ ನೆಲದ ಮೇಲಿನ ಕಲೆಯನ್ನು ಅವನ ರಕ್ತದ್ದು ಎಂದು ತೋರಿಸುತ್ತಾರೆ. ಅದನ್ನು ನೋಡಿಕೊಂಡು, ಅಳಿಯಂದಿರಿಗೆ ಹೇಳಿ ಕಾರನ್ನು ನಗರದ ಆರನೆಯ ಬೀದಿಗೆ ತಿರುಗಿಸಿ. ಅಲೆನ್ 1794ರಲ್ಲಿ ಸ್ಥಾಪಿಸಿದ ಬೆಥೆಲ್ ಚರ್ಚು ಅದೇ ಜಾಗದಲ್ಲಿದೆ. ಈಗಿನ ಕಟ್ಟಡ ಹೊಸದು, 1890ರ ಸುಮಾರಿನದು. ಅದರ ನೆಲಮಾಳಿಗೆಯಲ್ಲಿ ಅಲೆನ್‌ನ ಸಮಾಧಿಯಿದೆ. ಹೋಗುವ ಮೊದಲು ಬಾಗಿಲು ತೆರೆದಿರುವ ಹೊತ್ತು ಕೇಳಿಕೊಳ್ಳಿ.